ಮೊದಲು ಹಿಕ್ಕೆ ನೋಡಿ, ಆಮೇಲೆ ಹೊಲಿಗೆ: ಆಪರೇಷನ್ ಆದ ಮೊಲ ಸಪ್ಪಗಾದರೆ ಏನು ಮಾಡಬೇಕು

ನಮ್ಮ ಗಂಡು ಮೊಲ ಕರಿಯ ಡಿಸೆಂಬರಿನಲ್ಲಿ ಸಂತಾನಹರಣ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ರಾತ್ರಿ ನಾನು ಮಾಡಿದ ಮೊದಲ ಕೆಲಸ ಟಾರ್ಚ್ ಹಿಡಿದು ಹೊಲಿಗೆ ನೋಡಿದ್ದು. ರಕ್ತ ಇರಲಿಲ್ಲ, ಬಾವೂ ಇರಲಿಲ್ಲ. ಸಮಾಧಾನವಾಗಿ ಮಲಗಿಬಿಟ್ಟೆ. ರಾತ್ರಿ ಒಂದು ಗಂಟೆಗೆ ಎಚ್ಚರವಾಗಿ ಹೋಗಿ ನೋಡಿದರೆ ಅವನು ಮೂಲೆಯಲ್ಲಿ ಮುದುಡಿ ಕೂತಿದ್ದ. ಕಿವಿ ಮುಟ್ಟಿದೆ, ನೀರಿನ ಹರವಿ ಮುಟ್ಟಿದಷ್ಟು ತಣ್ಣಗಿತ್ತು. ಇಟ್ಟ ಕೊತ್ತಂಬರಿ ಇಟ್ಟಲ್ಲೇ ಬಾಡಿತ್ತು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದೇ ಒಂದು ಹಿಕ್ಕೆ ಇರಲಿಲ್ಲ.

ವಿಜಯಪುರದಂಥ ಊರಲ್ಲಿ ನಾವೆಲ್ಲ ದನಕರುಗಳ ಲೆಕ್ಕದಲ್ಲೇ ಯೋಚಿಸುತ್ತೇವೆ. ಹೋರಿಗೆ ಬೀಜ ಒಡೆಸಿದರೆ ಸಂಜೆಗೆಲ್ಲ ಅದು ಕಣಿಕಿ ಮೇಯುತ್ತಾ ನಿಂತಿರುತ್ತದೆ. ಗಾಯ ಮಾಯುವುದನ್ನು ಕಾದರೆ ಸಾಕು. ಮೊಲದ ವಿಷಯ ಬೇರೆ. ಮೊಲದ ಕರುಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು. ನೋವು, ಹೆದರಿಕೆ, ಥಂಡಿ, ಮಂಪರಿನ ಔಷಧ, ಉಪವಾಸ, ಇವುಗಳಲ್ಲಿ ಯಾವುದೇ ಒಂದು ಸಾಕು, ಕರುಳಿನ ಚಲನೆ ನಿಧಾನವಾಗುತ್ತದೆ. ನಿಧಾನವಾದ ಕರುಳಿನಲ್ಲಿ ಗಾಳಿ ತುಂಬುತ್ತದೆ, ಗಾಳಿಯಿಂದ ನೋವು ಹೆಚ್ಚುತ್ತದೆ, ನೋವಿನಿಂದ ಮೊಲ ಇನ್ನಷ್ಟು ತಿನ್ನದೆ ಕೂರುತ್ತದೆ. ಈ ಸುತ್ತು ಶುರುವಾಗಿ ಒಂದು ದಿನ ಕಳೆದರೆ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಜೀವ ಉಳಿಯುವುದು ಕಷ್ಟ. ಆದ್ದರಿಂದ ಆಪರೇಷನ್ ಆದ ಮೊಲ ಸಪ್ಪಗಿದೆ ಅನ್ನಿಸಿದ ಕೂಡಲೇ ಮೊದಲು ಮೈಯ ಬಿಸಿ ನೋಡಿ, ಆಮೇಲೆ ಹಿಕ್ಕೆ ಮತ್ತು ಮೇವು, ಆಮೇಲೆ ನೋವು, ಕೊನೆಗೆ ಗಾಯ. ಈ ಸಾಲು ತಪ್ಪಿಸಬೇಡಿ.

ಮೈ ತಣ್ಣಗಿದ್ದರೆ

ಆರೋಗ್ಯವಂತ ಮೊಲದ ಮೈಬಿಸಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟಿನಲ್ಲಿ 101.3ರಿಂದ 104. ನಮಗೆ ಜ್ವರ ಅನ್ನಿಸುವ ಅಂಕಿ ಅದಕ್ಕೆ ಸಹಜ. ಇದು ಗೊತ್ತಿರದ ಕಾರಣ ಎಷ್ಟೋ ಮಂದಿ 102 ನೋಡಿ ಗಾಬರಿಯಾಗುತ್ತಾರೆ, 98 ನೋಡಿ ನಿಶ್ಚಿಂತರಾಗುತ್ತಾರೆ. 38 ಡಿಗ್ರಿಗಿಂತ ಕೆಳಗೆ ಇಳಿದಿದ್ದರೆ ಬೇರೆ ಎಲ್ಲವನ್ನೂ ಬದಿಗಿಟ್ಟು ಮೊದಲು ಮೈ ಕಾಯಿಸಬೇಕು.

ಅಳೆಯುವುದು ಗುದದ್ವಾರದಲ್ಲಿ. ತುದಿ ಮೆತ್ತಗೆ ಬಾಗುವ ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ ಒಳಗೆ ಬಿಡಬೇಕು. ಇಬ್ಬರು ಬೇಕು, ಒಬ್ಬರು ಮೊಲವನ್ನು ಎದೆಗೆ ಅವುಚಿ ಹಿಡಿಯಲು. ಒಬ್ಬರೇ ಇದ್ದರೆ ಬೇಡ, ಒದ್ದಾಡಿ ಬೆನ್ನುಮೂಳೆ ಮುರಿದುಕೊಳ್ಳುವ ಪ್ರಾಣಿ ಅದು. ಆಗ ಕಿವಿಯ ಬುಡ ಮತ್ತು ಕಾಲಿನ ಪಾದ ಮುಟ್ಟಿ ನೋಡಿ. ಕಿವಿಯ ತುದಿ ತಣ್ಣಗಿರುವುದು ಚಳಿಗಾಲದಲ್ಲಿ ಸಾಮಾನ್ಯ. ಬುಡವೂ ತಣ್ಣಗಿದ್ದರೆ ಮೈಯೊಳಗಿನ ಬಿಸಿಯೂ ಇಳಿದಿದೆ ಎಂದೇ ತಿಳಿಯಿರಿ.

ಆ ರಾತ್ರಿ ಕರಿಯನ ಮೈಬಿಸಿ 37.1 ಇತ್ತು. ಬಯಲುಸೀಮೆಯ ಡಿಸೆಂಬರ್ ಚಳಿ, ಕೆಳಗೆ ಶಹಾಬಾದ್ ಕಲ್ಲಿನ ನೆಲ, ಮೇಲೆ ಅರ್ಧ ಇಳಿದ ಮಂಪರು. ಎರಡು ನೀರಿನ ಬಾಟಲಿಗೆ ಕೈಗೆ ತಾಳುವಷ್ಟು ಬಿಸಿಯ ನೀರು ತುಂಬಿ, ದಪ್ಪ ಟವೆಲ್ ಸುತ್ತಿ ಎರಡು ಪಕ್ಕಕ್ಕೆ ಇಟ್ಟೆ. ಕೆಳಗೆ ಕಂಬಳಿ, ಅದರ ಮೇಲೆ ಹಳೆಯ ಕಾಟನ್ ಸೀರೆ. ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ ಇರಬೇಕು, ಏಕೆಂದರೆ ಆರಿದ ಬಾಟಲಿ ಮೊಲದ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಕಾಯಿಸುವ ವಿದ್ಯುತ್ ಹಾಸಿಗೆಯನ್ನು ನೇರವಾಗಿ ಕೆಳಗೆ ಹಾಕಬೇಡಿ, ಮಂಪರಿನಲ್ಲಿರುವ ಮೊಲ ಸುಟ್ಟರೂ ಪಕ್ಕಕ್ಕೆ ಸರಿಯಲಾರದು. ಬಾಟಲಿಯಿಂದ ದೂರ ಹೋಗಲು ಒಂದು ಬದಿ ಖಾಲಿ ಬಿಟ್ಟಿರಬೇಕು. ಮೂರು ಗಂಟೆಗೆ 38.4ಕ್ಕೆ ಬಂತು. ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಲಿಲ್ಲ. ತಣ್ಣಗಿರುವ, ಮಂಪರು ಇಳಿಯದ ಮೊಲಕ್ಕೆ ಸಿರಿಂಜಿನಲ್ಲಿ ಉಣಿಸಲು ಹೋದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಇಲ್ಲೇ ಇನ್ನೊಂದು ನೋಡಿಕೊಳ್ಳಿ. ತುಟಿ ಮತ್ತು ಒಸಡು ಗುಲಾಬಿ ಬಣ್ಣದ್ದಾಗಿರಬೇಕು. ಸುಣ್ಣದಂತೆ ಬಿಳಿಚಿಕೊಂಡಿದ್ದು, ಮೈ ತಣ್ಣಗಿದ್ದು, ತಲೆ ಎತ್ತಲಾಗದೆ ಬಿದ್ದಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಹೆಣ್ಣು ಮೊಲದಲ್ಲಿ ಈ ಅಪಾಯ ಹೆಚ್ಚು, ಹೊಟ್ಟೆ ತೆರೆದು ಗರ್ಭಕೋಶ ತೆಗೆದಿರುತ್ತಾರಲ್ಲ. ಬೆಳಗಾಗಲಿ ಎಂದು ಕಾಯಬೇಡಿ, ವೈದ್ಯರನ್ನು ಎಬ್ಬಿಸಿ.

ತಿನ್ನುತ್ತಿಲ್ಲ, ಹಿಕ್ಕೆ ಇಲ್ಲ

ಮನೆಗೆ ತಂದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಗಂಡು ಮೊಲ ಸಾಮಾನ್ಯವಾಗಿ ಅದೇ ಸಂಜೆ ಏನಾದರೂ ಒಂದಿಷ್ಟು ಕಚ್ಚುತ್ತದೆ. ಹೆಣ್ಣು ಮೊಲಕ್ಕೆ ಒಂದೆರಡು ದಿನ ಊಟ ಕಡಿಮೆ ಇರಬಹುದು, ಆದರೆ ಪೂರ್ತಿ ನಿಲ್ಲಬಾರದು. 12 ಗಂಟೆ ಏನೂ ತಿನ್ನದೆ, ಏನೂ ಹಾಕದೆ ಇದ್ದರೆ ಅದು ತುರ್ತು ಸ್ಥಿತಿ.

ಹಿಕ್ಕೆಯ ಗಾತ್ರ ಓದುವುದನ್ನು ಕಲಿಯಿರಿ. ಚೆನ್ನಾಗಿರುವ ಮೊಲದ ಹಿಕ್ಕೆ ಕಡಲೆಕಾಳಿನಷ್ಟು, ದುಂಡಗೆ, ಒಡೆದರೆ ಒಳಗೆ ಒಣಹುಲ್ಲಿನ ಪುಡಿಯಂತೆ ಇರುತ್ತದೆ. ಕರುಳು ನಿಧಾನವಾದರೆ ಅದು ಜೋಳದ ಕಾಳಿನಷ್ಟಾಗುತ್ತದೆ, ಗಟ್ಟಿಯಾಗಿ ಕರಿದಾಗುತ್ತದೆ, ಇಲ್ಲವೆ ವಕ್ರವಾಗುತ್ತದೆ. ಒಂದಕ್ಕೊಂದು ಕೂದಲಿನಿಂದ ಪೋಣಿಸಿದ ಹಾಗೆ ಬರುವುದೂ ಉಂಟು. ಆಪರೇಷನ್ನಿನ ಮರುದಿನ ಜೋಳದ ಕಾಳಿನಂಥವು ಕಂಡರೆ ಹೆದರಬೇಡಿ, ಕರುಳು ಮತ್ತೆ ನಡೆಯತೊಡಗಿದೆ ಎಂದೇ ಅರ್ಥ. ಅವು ದಿನದಿಂದ ದಿನಕ್ಕೆ ಕಡಲೆಯ ಕಡೆಗೆ ಬೆಳೆಯಬೇಕು. ಕರಿಯ ಬೆಳಿಗ್ಗೆ ಎಂಟಕ್ಕೆ ಹಾಕಿದ ಮೊದಲ ನಾಲ್ಕು ಕಾಳುಗಳನ್ನು ನಾನು ಪೇಪರಿನಲ್ಲಿ ಕಟ್ಟಿ ಅವ್ವನಿಗೆ ತೋರಿಸಿದ್ದೆ. ಹಬ್ಬ ಮಾಡಿದಷ್ಟು ಖುಷಿ ಅವತ್ತು ನಮ್ಮ ಮನೆಯಲ್ಲಿ. ಎಣಿಸಲು ಅನುಕೂಲವಾಗಲಿ ಎಂದೇ ಮೊದಲ ವಾರ ಕಟ್ಟಿಗೆಯ ಹೊಟ್ಟು, ಮರಳು ಹಾಕದೆ ಪೇಪರ್ ಅಥವಾ ಬಿಳಿ ಬಟ್ಟೆ ಹಾಸಬೇಕು. ಹೊಟ್ಟಿನ ಧೂಳು ಗಾಯಕ್ಕೂ ಅಂಟುತ್ತದೆ.

ಹಿಕ್ಕೆ ಇಲ್ಲದಿದ್ದರೆ ಹೊಟ್ಟೆ ಮುಟ್ಟಿ ನೋಡಿ, ಹಗುರವಾಗಿ. ಮೆತ್ತನೆಯ ಕಣಕದ ಉಂಡೆಯಂತಿದ್ದರೆ ಕರುಳು ಬರೀ ನಿಧಾನವಾಗಿರಬಹುದು. ಹಲಗೆಯಂತೆ ಬಿಗಿದು, ಬಡಿದರೆ ದಪ್ಪನೆ ಗಾಳಿಯ ಸದ್ದು ಬಂದರೆ ಅದು ಉಬ್ಬರ ಅಥವಾ ಅಡಚಣೆ. ಉಬ್ಬಿದ ಹೊಟ್ಟೆಗೆ ಏನನ್ನೂ ಉಣಿಸಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ದಾರಿ ಮುಚ್ಚಿದ್ದರೆ ಹೊಟ್ಟೆಯೇ ಒಡೆದೀತು. ನೇರವಾಗಿ ದವಾಖಾನೆಗೆ ಒಯ್ಯಿರಿ.

ವಾಂತಿ ಬರುವುದಿಲ್ಲ ಎಂಬ ಇದೇ ಕಾರಣಕ್ಕೆ ಮೊಲವನ್ನು ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಉಪವಾಸ ಇಡಬಾರದು. ನಮಗೆ ರಾತ್ರಿಯಿಂದ ಏನೂ ಕೊಡಬೇಡಿ ಎಂದಿದ್ದರು, ನಾವು ಪಾಲಿಸಿದ್ದೆವು. ಅದು ನಾಯಿ ಬೆಕ್ಕಿಗೆ ಹೇಳುವ ಮಾತು. ಮೊಲಕ್ಕೆ ಮಂಪರು ಕೊಡುವ ಒಂದೆರಡು ಗಂಟೆ ಮೊದಲು ಬಾಯಿ ಖಾಲಿ ಇದ್ದರೆ ಸಾಕು. ಕರಿಯನ ಆ ರಾತ್ರಿಯ ಕಷ್ಟದಲ್ಲಿ ಅರ್ಧ ಪಾಲು ಈ ಉಪವಾಸದ್ದು ಎಂದು ನಾನು ಈಗಲೂ ನಂಬುತ್ತೇನೆ. ಎರಡು ತಿಂಗಳ ನಂತರ ಹೆಣ್ಣು ಮೊಲ ಗೌರಿಯ ಸರದಿ ಬಂದಾಗ ಹುಲ್ಲು ತಿನ್ನಿಸಿಯೇ ಕರೆದೊಯ್ದೆವು. ಮೂರನೇ ಗಂಟೆಗೆ ಅವಳು ಕೊತ್ತಂಬರಿಗೆ ಬಾಯಿ ಹಾಕಿದಳು.

ಹೊಟ್ಟೆ ಮೆತ್ತಗಿದ್ದು ಮೈ ಬೆಚ್ಚಗಿದ್ದರೆ ತಿನ್ನಿಸುವ ಪ್ರಯತ್ನ ಶುರು ಮಾಡಿ. ವಾಸನೆ ಇರುವ ಸೊಪ್ಪು ಮೊದಲು: ಕೊತ್ತಂಬರಿ, ಪುದೀನ, ಮುಲ್ಲಂಗಿ ಎಲೆ. ನೀರಿನಲ್ಲಿ ಅದ್ದಿ ಹಾಗೇ ಹನಿ ಹನಿ ಇರುವಾಗ ಕೊಡಿ, ನೀರೂ ಒಳಗೆ ಹೋಗುತ್ತದೆ. ಕರಿಕಿ ಹುಲ್ಲು ನಮ್ಮ ಕಡೆ ಸಿಗುವ ಒಳ್ಳೆಯ ಮೇವು, ಹಸಿಯೂ ಆಗುತ್ತದೆ, ಒಣಗಿಸಿಯೂ ಇಡಬಹುದು. ಆದರೆ ಎಲ್ಲಿಂದ ಕಿತ್ತಿರಿ ಎಂಬುದು ಮುಖ್ಯ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಬದು, ಹತ್ತಿ ಹೊಲದ ಬದು, ಇಲ್ಲಿನ ಹುಲ್ಲಿಗೆ ಔಷಧದ ಸಿಂಪಡಣೆ ತಾಗಿರುತ್ತದೆ. ಎಳೆ ಜೋಳದ ಗರಿ ಖಂಡಿತ ಬೇಡ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ದನ ಸತ್ತದ್ದನ್ನು ರೈತರು ಯಾರೂ ಮರೆಯುವುದಿಲ್ಲ, ಅದರಲ್ಲಿರುವುದು ಸೈನೈಡಿನ ವಿಷ.

ಹಾಲಲ್ಲಿ ನೆನೆಸಿದ ರೊಟ್ಟಿ, ಬೆಲ್ಲ, ಬಾಳೆಹಣ್ಣು, ಬಿಸ್ಕತ್ತು ಬೇಡ. ಅವ್ವ ಪ್ರೀತಿಯಿಂದ ಕಲೆಸಿ ತಂದಿದ್ದಳು, ನಾನು ತಡೆದೆ. ಅನಾರೋಗ್ಯದಲ್ಲಿರುವ ಕರುಳಿಗೆ ಸಕ್ಕರೆ ಮತ್ತು ಹಿಟ್ಟು ಬಿದ್ದರೆ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ಗಾಳಿ ಹೆಚ್ಚಾಗುತ್ತದೆ.

ತಾನಾಗಿ ತಿನ್ನದಿದ್ದರೆ ಸಿರಿಂಜ್ ಊಟ. ಕ್ರಿಟಿಕಲ್ ಕೇರ್ ಎಂಬ ಪುಡಿ ಇದಕ್ಕೆಂದೇ ಇದೆ. ಇಲ್ಲಿನ ಅಂಗಡಿಗಳಲ್ಲಿ ಕೂಡಲೇ ಸಿಗುವ ಸರಕಲ್ಲ, ಆಪರೇಷನ್ನಿನ ದಿನಾಂಕ ನಿಗದಿಯಾದ ದಿನವೇ ತರಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಅದು ದಿನಾ ತಿನ್ನುವ ಮೊಲದ ಗುಳಿಗೆ ಮೇವನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿಯಾಗುವಂತೆ ಹಿಸುಕಿ ಸೋಸಿಕೊಳ್ಳಿ. ಸಾಮಾನ್ಯ ಅಳತೆ ಒಂದು ಕಿಲೋ ತೂಕಕ್ಕೆ ಸಲಕ್ಕೆ 10ರಿಂದ 15 ಮಿಲಿ, ದಿನಕ್ಕೆ ನಾಲ್ಕು ಸಲ. ಮುಂಬಲ್ಲಿನ ಹಿಂದೆ ಬದಿಯಲ್ಲಿ ಹಲ್ಲಿಲ್ಲದ ಜಾಗ ಇದೆ, ಸಿರಿಂಜಿನ ತುದಿ ಅಲ್ಲಿಂದ. ಅರ್ಧ ಅರ್ಧ ಮಿಲಿಯಷ್ಟು ಬಿಟ್ಟು, ಅಗಿದು ನುಂಗುವುದನ್ನು ಕಾಯಿರಿ. ತಲೆ ಹಿಂದಕ್ಕೆ ಎತ್ತಬೇಡಿ, ಬೆನ್ನ ಮೇಲೆ ಮಲಗಿಸಬೇಡಿ. ನೀರಿಗೆ ತೂಗುವ ಬಾಟಲಿಯ ಬದಲು ಭಾರದ ಮಣ್ಣಿನ ಬಟ್ಟಲು ಇಟ್ಟರೆ ಕತ್ತು ಎತ್ತುವ ಕಷ್ಟವಿಲ್ಲದೆ ಕುಡಿಯುತ್ತದೆ.

ಬಾಲದ ಕೆಳಗೆ ಮೆತ್ತನೆಯ, ಹೊಳೆಯುವ, ಸಣ್ಣ ದ್ರಾಕ್ಷಿ ಗೊಂಚಲಿನಂಥದ್ದು ಅಂಟಿಕೊಂಡಿದ್ದರೆ ಅದನ್ನು ಭೇದಿ ಎಂದು ತಿಳಿಯಬೇಡಿ. ಮೊಲ ದಿನಾ ಬಾಗಿ ನೇರ ಬಾಯಿಯಿಂದ ತೆಗೆದು ತಿನ್ನುವ ಎರಡನೇ ಬಗೆಯ ಹಿಕ್ಕೆ ಅದು, ಅದರಲ್ಲಿ ಜೀವಸತ್ವ ಇರುತ್ತದೆ. ಅದು ಹಾಗೇ ಉಳಿದಿದೆ ಎಂದರೆ ಬಾಗಲು ನೋಯುತ್ತಿದೆ. ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಹಾಕಿದ್ದರೂ ಹೀಗೇ ಆಗುತ್ತದೆ. ಮೊಲ ಹೊಲಿಗೆಯನ್ನು ಹಟ ಹಿಡಿದು ಕಚ್ಚುತ್ತಿದ್ದರೆ ಮಾತ್ರ ಆ ಬುಟ್ಟಿ, ಇಲ್ಲದಿದ್ದರೆ ಅದರ ಗಾಬರಿಯಿಂದಲೇ ಊಟ ಬಿಡುತ್ತದೆ.

ನೋವನ್ನು ಹೇಗೆ ಗುರುತಿಸುವುದು

ಮೊಲ ಅಳುವುದಿಲ್ಲ, ಕುಂಯ್ಗುಡುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ, ನೋವು ತೋರಿಸಿದರೆ ಕೆಟ್ಟಿತು ಎಂಬುದು ಅದರ ಹುಟ್ಟುಗುಣ. ಮುಖ ಓದಬೇಕು. 2012ರಲ್ಲಿ ಸಂಶೋಧಕರು ಮೊಲದ ನೋವನ್ನು ಅಳೆಯಲು ಮುಖದ ಐದು ಗುರುತುಗಳನ್ನು ಗೊತ್ತುಮಾಡಿದರು: ಅರ್ಧ ಮುಚ್ಚಿದ ಕಣ್ಣು, ಒಳಕ್ಕೆ ಚಪ್ಪಟೆಯಾದ ಕೆನ್ನೆ, ದುಂಡಗಿರುವ ಬದಲು ವಿ ಆಕಾರಕ್ಕೆ ಚೂಪಾದ ಮೂಗಿನ ಹೊಳ್ಳೆ, ಬಿಗಿದು ನಿಂತ ಮೀಸೆ, ಸುರುಳಿಯಾಗಿ ಹಿಂದಕ್ಕೆ ಒತ್ತಿದ ಕಿವಿ. ಇದರ ಜೊತೆ ಹಲ್ಲಿನ ಸದ್ದು ಕೇಳಿ. ತಲೆ ನೇವರಿಸುವಾಗ ಬರುವ ಮೆಲ್ಲನೆಯ ಕಟಕಟ ಸುಖದ್ದು, ಮೂಲೆಯಲ್ಲಿ ಕೂತು ಜೋರಾಗಿ ಹಲ್ಲು ಕಡಿಯುವುದು ನೋವಿನದು. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಚಾಚುವುದೂ ನೋವೇ.

ಚೆನ್ನಾಗಿರುವಾಗಿನ ಮುಖದ ಒಂದು ಫೋಟೋ ಆಪರೇಷನ್ನಿನ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ನೋವಿನ ಔಷಧ ಇಲ್ಲದೆ ದವಾಖಾನೆಯಿಂದ ಹೊರಡಬೇಡಿ. ಮೆಲಾಕ್ಸಿಕಾಮ್ ಸಾಮಾನ್ಯವಾಗಿ ಕೊಡುವ ಔಷಧ. ಮೊಲದ ಮೈ ಅದನ್ನು ಬೇಗ ಕರಗಿಸಿಬಿಡುತ್ತದೆ, ಹಾಗಾಗಿ ನಾಯಿಯ ಅಳತೆಯಲ್ಲಿ ಕೊಟ್ಟದ್ದು ಮೊಲಕ್ಕೆ ಸಾಲದೆ ಹೋಗುತ್ತದೆ. ಔಷಧ ಕೊಟ್ಟ ಮೇಲೂ ಮುಖ ಬಿಗಿದೇ ಇದ್ದರೆ ಫೋನು ಮಾಡಿ ಕೇಳಿ, ಪ್ರಮಾಣ ಅವರೇ ಬದಲಿಸಲಿ. ನೀರು ಕುಡಿಯದ ಮೊಲಕ್ಕೆ ಇದೇ ಔಷಧ ಮೂತ್ರಪಿಂಡಕ್ಕೆ ಭಾರವಾಗುತ್ತದೆ, ಅದನ್ನೂ ಹೇಳಿ. ನೀವಾಗಿ ಒಂದು ಹನಿಯನ್ನೂ ಹೆಚ್ಚಿಸಬೇಡಿ. ಮನುಷ್ಯರ ನೋವಿನ ಗುಳಿಗೆ ಚೂರು ಮಾಡಿ ಕೊಡುವ ಯೋಚನೆಯೇ ಬೇಡ.

ಆಂಟಿಬಯಾಟಿಕ್ ವಿಷಯದಲ್ಲಿ ಎಚ್ಚರ

ಇದನ್ನು ಬೇರೆಯಾಗಿ ಬರೆಯಲು ಕಾರಣ ಇದೆ. ಗೌರಿಯ ಆಪರೇಷನ್ ಆದ ಮೇಲೆ ಒಂದು ಔಷಧದ ಅಂಗಡಿಯಲ್ಲಿ ಬರೆದುಕೊಟ್ಟದ್ದು ಇಲ್ಲ, ಇದೂ ಅದೇ ಕೆಲಸ ಮಾಡುತ್ತದೆ ಎಂದು ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಕೈಗಿಟ್ಟರು. ನಾನು ಹಿಂತಿರುಗಿಸಿದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವು ಮೊಲದ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು, ಅದರ ವಿಷದಿಂದ ಮೊಲ ಸಾಯುತ್ತದೆ. ಎನ್ರೋಫ್ಲಾಕ್ಸಾಸಿನ್, ಟ್ರೈಮೆಥೊಪ್ರಿಮ್ ಜೊತೆಗಿನ ಸಲ್ಫಾ ಇವು ಮೊಲದ ಮೈ ತಾಳಿಕೊಳ್ಳುವಂಥವು. ಮೊಲ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ನೀರಿನಂಥ ಭೇದಿ ಶುರುವಾದರೆ ಮುಂದಿನ ಡೋಸ್ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಿ. ಬಾಟಲಿಯ ಮೇಲಿನ ಹೆಸರನ್ನು ಓದಿ ಹೇಳಿ, ಬಣ್ಣ ಹೇಳಿದರೆ ಅವರಿಗೆ ತಿಳಿಯುವುದಿಲ್ಲ.

ನೊಣ, ಚಿಗಟಕ್ಕೆಂದು ನಾಯಿಗೆ ಹಾಕುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ.

ಗಾಯ

ಗಂಡು ಮೊಲದ ಚೀಲ ಮೂರು ನಾಲ್ಕು ದಿನ ಸ್ವಲ್ಪ ಊದಿರುತ್ತದೆ, ಬೀಜ ತೆಗೆದಿಲ್ಲವೇನೋ ಎಂದು ಅನುಮಾನ ಬರುವಷ್ಟು. ಆಮೇಲೆ ಇಳಿದು ಸುಕ್ಕುಗಟ್ಟುತ್ತದೆ. ದಿನದಿನಕ್ಕೆ ಹೆಚ್ಚುವ, ಬಿಗಿಯಾದ, ನೇರಳೆ ಬಣ್ಣದ ಊತ ಒಳಗೆ ರಕ್ತ ನಿಂತದ್ದರ ಗುರುತು. ಮೆತ್ತಗಿದ್ದು ಒತ್ತಿದರೆ ಒಳಕ್ಕೆ ಸರಿಯುವ ಊತ ಇನ್ನೂ ಕೆಟ್ಟದ್ದು. ಮೊಲದಲ್ಲಿ ಹೊಟ್ಟೆಯಿಂದ ಚೀಲಕ್ಕೆ ಬರುವ ದಾರಿ ಜೀವನಪೂರ್ತಿ ತೆರೆದೇ ಇರುತ್ತದೆ, ಅದನ್ನು ಕಟ್ಟಿರದಿದ್ದರೆ ಕರುಳು ಜಾರಿ ಕೆಳಗೆ ಬರಬಹುದು. ಒತ್ತಿ ನೋಡುವ ಕೆಲಸವನ್ನೂ ವೈದ್ಯರಿಗೇ ಬಿಡಿ.

ಹೆಣ್ಣು ಮೊಲದ ಹೊಟ್ಟೆಯ ಹೊಲಿಗೆಯ ಕೆಳಗೆ ಪೆನ್ಸಿಲಿನಂಥ ಗಟ್ಟಿ ಗೆರೆ ಕೈಗೆ ಸಿಗುವುದು ಸಹಜ. ಮೊಲದ ಕೀವು ನೀರಾಗಿ ಸೋರುವುದಿಲ್ಲ, ಗಟ್ಟಿ ಮೊಸರಿನಂತೆ ಒಳಗೇ ಗಂಟಾಗುತ್ತದೆ. ಹಾಗಾಗಿ ಹೊರಗೆ ಏನೂ ಹರಿಯುತ್ತಿಲ್ಲ ಎಂಬುದನ್ನು ನಂಬಿ ಕೂರಬೇಡಿ, ಬಿಸಿ, ಕೆಂಪು, ವಾಸನೆ, ಬೆಳೆಯುವ ಗಂಟು ಇವನ್ನು ಬೆಳಿಗ್ಗೆ ಸಂಜೆ ನೋಡಿ. ಅರಿಷಿಣ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದನ್ನೂ ಹಚ್ಚಬೇಡಿ. ಹಚ್ಚಿದ್ದನ್ನು ಮೊಲ ನೆಕ್ಕುತ್ತದೆ, ನೆಕ್ಕಿದ ಹೊಲಿಗೆ ಬಿಚ್ಚುತ್ತದೆ. ಸ್ನಾನವೂ ಬೇಡ.

ಉಚ್ಚೆ ಕೆಂಪಾಗಿದ್ದರೆ ಮೊದಲು ಅದರ ಬಣ್ಣದ ಹರಡಿಕೆ ನೋಡಿ. ಇಡೀ ಕಲೆ ಒಂದೇ ಸಮನೆ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣದ್ದಾಗಿದ್ದರೆ ತಿಂದ ಸೊಪ್ಪಿನ ಬಣ್ಣ ಅದು. ನಡುನಡುವೆ ಕೆಂಪು ಹನಿ, ಹೆಪ್ಪು ಕಂಡರೆ ರಕ್ತ.

ಬಿಸಿಲು, ನೊಣ, ಮದ್ದಿನ ಸದ್ದು

ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 28, 30 ಆದರೇ ಕಷ್ಟ, ಬೆವರು ಸುರಿಸುವ ದೇಹ ಅದಕ್ಕಿಲ್ಲ, ಶಾಖ ಹೊರಗೆ ಹೋಗುವುದು ಕಿವಿಯಿಂದ. ಅವಸರವಿಲ್ಲದಿದ್ದರೆ ಆಪರೇಷನ್ನನ್ನು ನವೆಂಬರಿನಿಂದ ಫೆಬ್ರವರಿಯ ಒಳಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲೇ ಆಗಬೇಕಾದರೆ ಮೊದಲ ರಾತ್ರಿ ಕಾಯಿಸುವ ಬಾಟಲಿ ಬೇಕು, ಮರುಮಧ್ಯಾಹ್ನ ಬಟ್ಟೆ ಸುತ್ತಿದ ಐಸಿನ ಬಾಟಲಿ ಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಕಿವಿಗೆ ತಣ್ಣನೆಯ ಒದ್ದೆ ಬಟ್ಟೆ ಒತ್ತುತ್ತಾ ದವಾಖಾನೆಗೆ ಹೊರಡಿ, ಗಾಯಕ್ಕೆ ನೀರು ತಾಗದಂತೆ.

ನೊಣ ಹೊಲಸಾದ ಹಿಂಭಾಗದಲ್ಲಿ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುವಾಗುತ್ತದೆ. ಹತ್ತಿರ ದನದ ಕೊಟ್ಟಿಗೆ ಇರುವ ಮನೆಯವರು ಸೊಳ್ಳೆ ಪರದೆ ಕಟ್ಟಿ, ದಿನಕ್ಕೆರಡು ಸಲ ಬಾಲ ಎತ್ತಿ ನೋಡಿ.

ಸಂಕ್ರಾಂತಿಯ ವಾರ ಮಾತ್ರ ಆಪರೇಷನ್ ಬೇಡ. ಆಗ ನಮ್ಮೂರಿನ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುತ್ತಾರೆ, ಆ ಸದ್ದಿಗೆ ಆರೋಗ್ಯವಂತ ಮೊಲವೇ ಊಟ ಬಿಟ್ಟು ಮೂಲೆ ಸೇರುತ್ತದೆ.

ಮತ್ತೆ ಜೋಡಿ ಮಾಡುವ ಮುನ್ನ

ಗಂಡಿಗೆ ಆಪರೇಷನ್ ಆಯಿತು, ಇನ್ನು ಭಯವಿಲ್ಲ ಎಂದು ಅದೇ ವಾರ ಹೆಣ್ಣಿನ ಜೊತೆ ಬಿಡುವವರಿದ್ದಾರೆ. ನಾಳದಲ್ಲಿ ಉಳಿದ ವೀರ್ಯದಿಂದ ಇನ್ನೂ ನಾಲ್ಕರಿಂದ ಆರು ವಾರ ಗರ್ಭ ನಿಲ್ಲಬಹುದು. ಹೆಣ್ಣು ಮೊಲಕ್ಕೆ ಬೆದೆಯ ದಿನ ಅಂತ ಇಲ್ಲ, ಕೂಡಿದ ಮೇಲೇ ಅಂಡ ಬಿಡುಗಡೆಯಾಗುತ್ತದೆ, 31 ದಿನಕ್ಕೆ ಮರಿ. ಹೆಣ್ಣಿಗೂ ಆಪರೇಷನ್ ಬೇಕೇ ಎಂದು ಕೇಳುವವರಿಗೆ ನಾನು ಬೇಕು ಎಂದೇ ಹೇಳುತ್ತೇನೆ, ಆರನೇ ತಿಂಗಳ ಹೊತ್ತಿಗೆ. ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು.

ಗಂಡಿನ ಆ ಆರು ವಾರ ಮುಗಿಯುವವರೆಗೆ ಎರಡನ್ನೂ ತಂತಿ ಜಾಲರಿಯ ಆಚೀಚೆ ಇಡಿ. ಒಂದರ ವಾಸನೆ ಇನ್ನೊಂದಕ್ಕೆ ಸಿಗುತ್ತಿರಬೇಕು, ಪೂರ್ತಿ ಬೇರೆ ಕೋಣೆಗೆ ಹಾಕಿದರೆ ಮತ್ತೆ ಸೇರಿಸುವಾಗ ಕಚ್ಚಾಡುತ್ತವೆ. ಹಾರಲು ಎತ್ತರದ ಪೆಟ್ಟಿಗೆ, ಮೆಟ್ಟಿಲು ಹತ್ತು ದಿನ ಬೇಡ, ನೆಲದ ಮೇಲೆ ನಿಧಾನವಾಗಿ ಓಡಾಡಲಿ. ಓಡಾಟದಿಂದ ಕರುಳೂ ನಡೆಯುತ್ತದೆ. ಕರಿಯ ನಾಲ್ಕನೇ ದಿನವೇ ಜಾಲರಿಯ ಪಕ್ಕ ಮೈ ಚಾಚಿ ಮಲಗತೊಡಗಿದ. ಗೌರಿ ಆಚೆಯಿಂದ ಬಂದು ಜಾಲರಿಗೆ ಬೆನ್ನು ತಾಗಿಸಿ ಮಲಗುತ್ತಿದ್ದಳು. ಕ್ಯಾಲೆಂಡರಿನಲ್ಲಿ ಆರು ವಾರದ ಕೊನೆಯ ದಿನಕ್ಕೆ ಗುರುತು ಹಾಕಿದ್ದೆ, ಅದು ಬರುವವರೆಗೆ ಜಾಲರಿ ತೆಗೆಯಲಿಲ್ಲ.